ಚಲುವರಾಜುವಿನ ಲಿವರು, ಹೊನ್ನಪ್ಪನ ಫ್ಲೆಕ್ಸು

ಕ್ಯಾತನಹಳ್ಳಿಯ ಹೊನ್ನಪ್ಪ ಹಾಲಿನ ಡೈರಿ ಮುಂದೆ ನಿಂತು ಕೆಮ್ಮಿದರೆ, ಪಾಂಡವಪುರ ಸ್ಟೇಷನ್ನಿನಲ್ಲಿ ನಿಂತಿದ್ದ ರೈಲು ಸಿಗ್ನಲ್ ಬಿತ್ತೆಂದುಕೊಂಡು ಹೊರಟುಬಿಡುತ್ತಿತ್ತು. ಅಂಥ ಗಂಟಲು. ಗಂಟಲಿಗೆ ತಕ್ಕ ಮೀಸೆ, ಮೀಸೆಗೆ ತಕ್ಕ ಟ್ರಾಕ್ಟರು, ಟ್ರಾಕ್ಟರಿಗಿಂತ ಜೋರಾಗಿ ಓಡುವ ನಾಲಿಗೆ. ಶ್ರೀರಂಗಪಟ್ಟಣದಿಂದ ನಾಗಮಂಗಲದ ತನಕ ಅವನು ತೀರ್ಪು ಹೇಳದ ಜಗಳವಿಲ್ಲ, ಮುಂದೆ ನಿಂತು ನಡೆಸದ ಮದುವೆಯಿಲ್ಲ. ಅವನು ಒಮ್ಮೆ ಗದರಿದ್ದಕ್ಕೆ ಕೆ.ಆರ್. ಪೇಟೆಯ ಹೋರಿಯೊಂದು ತಾನಾಗಿ ಹಗ್ಗ ಕಚ್ಚಿಕೊಂಡು ಕೊಟ್ಟಿಗೆಗೆ ಹೋಗಿ ನಿಂತಿತ್ತಂತೆ; ಹಾಗೆಂದು ಹೇಳುತ್ತಿದ್ದವನೂ ಅವನೇ.

ಇಷ್ಟು ದೊಡ್ಡ ಮನುಷ್ಯನಿಗೆ ಒಂದೇ ಒಂದು ಗುಟ್ಟಿತ್ತು. ಸಂಜೆ ಡೈರಿಗೆ ಹೋಗುವ ಮುಂಚೆ ಅವನು ನಾಲೆ ಪಕ್ಕದ ಪಂಪ್‌ಸೆಟ್ಟಿನ ಮನೆಗೆ ಹೋಗಿ ಮೋಟರು ನೋಡಿಕೊಂಡು ಬರುತ್ತಿದ್ದ. ಜಗತ್ತಿನಲ್ಲಿ ಯಾವ ಮೋಟರನ್ನೂ ಯಾರೂ ಇಷ್ಟು ಅಕ್ಕರೆಯಿಂದ ದಿನಾ ನೋಡಿಕೊಂಡು ಬಂದದ್ದಿಲ್ಲ. ಮೋಟರಿನ ಹಿಂದೆ ಗೋಣಿಚೀಲ, ಚೀಲದಡಿ ಒಂದು ಕ್ವಾರ್ಟರ್ ಬಾಟಲಿ. ಅದು ಗಂಟಲಿಗಿಳಿದ ಮೇಲೆ ಬಾಯಿಗೊಂದು ಹಿಡಿ ಏಲಕ್ಕಿ. ಆಮೇಲೆ ನೇರ ಡೈರಿಗೆ ಬಂದು, ಕ್ಯಾನುಗಳ ಸಾಲಿನ ಮುಂದೆ ನಿಂತು, ಊರಿನ ಕುಡುಕರನ್ನೆಲ್ಲ ಹೆಸರು ಹಿಡಿದು ಬೈಯುತ್ತಿದ್ದ. ಕುಡಿತವನ್ನು ಬೈಯುವುದರಲ್ಲಿ ಇಡೀ ಜಿಲ್ಲೆಯಲ್ಲಿ ಅವನಿಗೆ ಸಮನಾದವರಿರಲಿಲ್ಲ. ಗುಟ್ಟು ತನಗೂ ಆ ಮೋಟರಿಗೂ ಬಿಟ್ಟರೆ ಬೇರೆ ನರಪಿಳ್ಳೆಗೂ ತಿಳಿಯದೆಂದು ಹೊನ್ನಪ್ಪ ನಂಬಿದ್ದ.

ಅವನ ತಂಗಿ ಪುಟ್ಟಗೌರಮ್ಮನನ್ನು ಅದೇ ಊರಿನ ಚಲುವರಾಜುವಿಗೆ ಕೊಟ್ಟಿತ್ತು. ಚಲುವರಾಜು ಕಬ್ಬು ಬೆಳೆಯುವವನು, ಮಾತು ಬೆಳೆಯದವನು. ಕುಡಿತವಿರಲಿ, ಮದುವೆಮನೆಯಲ್ಲಿ ಕೊಡುವ ಸೋಡಾವನ್ನು ಕೂಡ ಮೂಸಿ ನೋಡಿ ಪಕ್ಕಕ್ಕಿಡುವ ಆಸಾಮಿ. ಈ ಸಲ ಕಬ್ಬು ಕಟಾವಿಗೆ ಬರುವಷ್ಟರಲ್ಲಿ ಅವನು ಇಳಿದುಹೋದ. ಪಂಚೆ ಸೊಂಟದಲ್ಲಿ ನಿಲ್ಲುತ್ತಿರಲಿಲ್ಲ. ಮಲಗಿದರೆ ಬೆವರಿಗೆ ಚಾಪೆ ನೆನೆದು ನಾಲೆಗೆ ಬಿದ್ದೆದ್ದ ಹಾಗಾಗುತ್ತಿತ್ತು. ಬಲಪಕ್ಕೆಯ ಕೆಳಗೆ ಕಲ್ಲು ಕಟ್ಟಿದ ಭಾರ. ಹೊನ್ನಪ್ಪ ತಾನೇ ಮುಂದೆ ನಿಂತು ಅವನನ್ನು ಪಾಂಡವಪುರದ ಸ್ಕ್ಯಾನಿಂಗ್ ಸೆಂಟರಿಗೆ ಕರೆದುಕೊಂಡು ಹೋದ.

ಡಾಕ್ಟರು ಚಲುವರಾಜುವಿನ ಹೊಟ್ಟೆಗೆ ತಣ್ಣನೆಯ ಅಂಟು ಬಳಿದು, ಅಂಗೈಯಗಲದ ಮಿಷನ್ನು ಒತ್ತಿ ಅತ್ತಿಂದಿತ್ತ ಓಡಿಸಿದರು. ಕಣ್ಣು ಪರದೆಯ ಮೇಲೆ.

"ಲಿವರು ಊದಿದೆ. ಒಳಗೆ ಕಪ್ಪು ಕಪ್ಪಗೆ ಮಚ್ಚೆಗಳು ಕಾಣ್ತಾ ಇವೆ. ಮೈಸೂರಿಗೆ ಹೋಗಿ ಸಿ.ಟಿ. ಸ್ಕ್ಯಾನ್ ಮಾಡಿಸಿ, ತಡ ಮಾಡಬೇಡಿ," ಎಂದವರು, ಪರದೆಯಿಂದ ಮುಖ ತಿರುಗಿಸದೆಯೇ ಕೇಳಿದರು: "ಕುಡೀತೀರಾ?"

ಯಾರನ್ನು ಕೇಳಿದರೆಂದು ಗೊತ್ತಾಗಲಿಲ್ಲ. ಹೊನ್ನಪ್ಪನ ಎದೆ ಆಲೆಮನೆಯ ಗಾಣದಂತೆ ಸದ್ದು ಮಾಡತೊಡಗಿತು. ಆ ಪರದೆ ಎದುರಿಗಿರುವವರನ್ನೆಲ್ಲ ಒಂದೇ ಸಲಕ್ಕೆ ಒಳಗಿನಿಂದ ನೋಡಿಬಿಡುತ್ತದೇನೋ ಎನಿಸಿತು. ಟವೆಲಿನಿಂದ ಬಾಯಿ ಮುಚ್ಚಿಕೊಂಡ. ಮರುಗಳಿಗೆ ಟವೆಲು ತೆಗೆದು, ಚಲುವರಾಜು ತುಟಿ ಬಿಚ್ಚುವ ಮುಂಚೆಯೇ ಹೇಳಿದ:

"ಕುಡೀತಾನೆ ಸಾರ್. ಒಳೊಳಗೇ ಕುಡಿಯೋ ಜಾತಿ."

"ಇಲ್ಲ ಸಾರ್, ನಾನು..."

"ಸುಮ್ಕಿರಯ್ಯ. ಡಾಕ್ಟ್ರತ್ರ ಮುಚ್ಚಿಡಬಾರದು."

"ಏನೇ ಇರಲಿ, ಸಿ.ಟಿ. ಮಾಡಿಸಿ," ಎಂದರು ಡಾಕ್ಟರು.

ಹೊರಗೆ ಬಂದ ಮೇಲೆ ಚಲುವರಾಜು ಮೆಲ್ಲಗೆ ಕೇಳಿದ, "ಬಾವ, ಅಂಗ್ಯಾಕಂದ್ರಿ?"

"ಲಿವರು ಅಂದ್ರೆ ಇನ್ಯಾತುಕ್ಕೆ ಕೆಡ್ತದೆ? ಸಿ.ಟಿ. ಗೀಟಿ ಎಲ್ಲ ಆಮೇಕೆ. ಮೊದ್ಲು ಬುಡಬೇಕು ನೀನು."

"ಬುಡಕ್ಕೆ ಕುಡುದಿರಬೇಕಲ್ವಾ?"

"ಎಲ್ರೂ ಇಂಗೇ ಅನ್ನೋದು," ಎಂದ ಹೊನ್ನಪ್ಪ. ಅಂದ ಮೇಲೆ ಅವನಿಗೇ ನಂಬಿಕೆ ಬಂತು. ನಿಜವಾಗಿರಬಹುದಲ್ಲ? ತಾನು ಯಾರಿಗೂ ತಿಳಿಯದಂತೆ ಕುಡಿಯಬಹುದಾದರೆ ಅವನೇಕೆ ಕುಡಿದಿರಬಾರದು? ನಂಬಿಕೆ ಬಂದ ಮೇಲೆ ನಾಲಿಗೆಯನ್ನು ತಡೆಯುವವರಾರು. ಅವತ್ತು ಸಂಜೆಗೆ ಡೈರಿಗೆ ಗೊತ್ತಾಯಿತು, ಮರುದಿನಕ್ಕೆ ಮಾಕವಳ್ಳಿಯ ಸಕ್ಕರೆ ಫ್ಯಾಕ್ಟರಿ ಮುಂದೆ ಸಾಲುಗಟ್ಟಿದ್ದ ಕಬ್ಬಿನ ಲಾರಿಗಳಿಗೆಲ್ಲ ಗೊತ್ತಾಯಿತು.

ನಾಗಮಂಗಲದ ಕಲ್ಯಾಣ ಮಂಟಪದಲ್ಲಿ ಒಂದು ಸಂಘದವರು ಕುಡಿತ ಬಿಡಿಸುವ ಶಿಬಿರ ನಡೆಸುವವರಿದ್ದರು. ಅದು ಶುರುವಾಗಲು ಇನ್ನೂ ವಾರಗಳಿದ್ದವು. ಅಲ್ಲಿಯ ತನಕ ಕಾಯೋಣವೆಂದು ಹೊನ್ನಪ್ಪ ತೀರ್ಮಾನಿಸಿದ. ಪುಟ್ಟಗೌರಮ್ಮ ಬೇಡಿಕೊಂಡಳು.

"ಅಣ್ಣ, ಇಷ್ಟು ವರ್ಸ ಬಾಳ್ವೆ ಮಾಡಿವ್ನಿ. ಒಂದ್ ದಿನ ಬಾಯಲ್ಲಿ ವಾಸ್ನೆ ಕಂಡಿಲ್ಲ ಕಣಣ್ಣ."

"ವಾಸ್ನೆ ಬರ್ದಂಗೆ ಕುಡಿಯೋದೂ ಒಂದು ವಿದ್ಯೆ ಕಣವ್ವ," ಎಂದ ಹೊನ್ನಪ್ಪ, ಏಲಕ್ಕಿ ಅಗಿಯುತ್ತ.

ಅವಳು ಅಣ್ಣನ ಮುಖವನ್ನು ಕೊಂಚ ಹೆಚ್ಚು ಹೊತ್ತು ನೋಡಿದಳು. ತಂದೆ ಇಲ್ಲದ ಮನೆಯಲ್ಲಿ ತಂದೆಯ ಜಾಗದಲ್ಲಿ ನಿಂತು ಧಾರೆ ಎರೆದುಕೊಟ್ಟವನು. ಅವನ ಮಾತಿಗೆ ಗಂಡ ಹೆಂಡತಿ ಇಬ್ಬರೂ ಎದುರಾಡಿ ಗೊತ್ತಿರಲಿಲ್ಲ. ಚಲುವರಾಜು ಒಂದು ಬ್ಯಾಗು ಹಿಡಿದುಕೊಂಡು ಶಿಬಿರಕ್ಕೆ ಹೋದ.

ಅವನು ಹೋದ ದಿನವೇ ಹೊನ್ನಪ್ಪ ಊರ ಸರ್ಕಲ್ಲಿನಲ್ಲಿ ಒಂದು ಫ್ಲೆಕ್ಸು ಕಟ್ಟಿಸಿದ. ಫ್ಲೆಕ್ಸು ಎಂದರೆ ಅದನ್ನು ಬಿಚ್ಚಿ ಹಾಸಿದ್ದರೆ ಎರಡು ಊರಿನ ರಾಗಿ ಒಕ್ಕಬಹುದಿತ್ತು. "ಕುಡಿತ ತೊರೆದು ಹೊಸ ಬದುಕಿಗೆ ಕಾಲಿಟ್ಟ ನಮ್ಮ ಚಲುವರಾಜು ರವರಿಗೆ ಹಾರ್ದಿಕ ಶುಭಾಶಯಗಳು. ಶುಭ ಕೋರುವವರು: ಹೊನ್ನಪ್ಪನವರು, ಸಮಾಜ ಸೇವಕರು." ಮೂಲೆಯಲ್ಲಿ ನಿಂಬೆಹಣ್ಣಿನಷ್ಟು ಚಲುವರಾಜು. ನಡುವೆ, ಕೂಲಿಂಗ್ ಗ್ಲಾಸು ಹಾಕಿಕೊಂಡು, ಮೊಬೈಲು ಕಿವಿಗಿಟ್ಟುಕೊಂಡು, ಗಾಡಿ ಚಕ್ರದಷ್ಟು ಹೊನ್ನಪ್ಪ.

ಶಿಬಿರದ ನಡುವೆ ಹೊನ್ನಪ್ಪ ನೋಡಿಕೊಂಡು ಬರಲು ಹೋದಾಗ ಮಂಟಪದ ಜಗುಲಿಯಲ್ಲಿ ದೇವಲಾಪುರದ ಕಡೆಯವನೊಬ್ಬ ಚಲುವರಾಜುವನ್ನು ರೇಗಿಸುತ್ತಿದ್ದ.

"ಯಾವ ಬ್ರಾಂಡಣ್ಣ ನಿಂದು?"

"ನಾನ್ ಕುಡಿಯಲ್ಲಪ್ಪ."

"ನಾವೂ ಕುಡಿಯಲ್ಲ ಕಣ್ಲಾ. ಇಲ್ಲಿಗೆ ಬಂದಾಗ್ನಿಂದ."

ಸುತ್ತಲಿದ್ದವರೆಲ್ಲ ನಕ್ಕರು. ಚಲುವರಾಜುವೂ ನಗಲು ನೋಡಿದ. ಕೆಮ್ಮು ಬಂತು. ಹೊನ್ನಪ್ಪ ನಗಲಿಲ್ಲ, ಏಕೆಂದರೆ ಆಗಲೇ ಶಿಬಿರದ ಡಾಕ್ಟರು ಅವನನ್ನು ಪಕ್ಕಕ್ಕೆ ಕರೆದಿದ್ದರು.

"ಇವರನ್ನ ಇಲ್ಲಿಗೆ ಯಾರು ಸೇರಿಸಿದ್ದು? ಬಿಟ್ಟ ಮೊದಲ ದಿನಗಳಲ್ಲಿ ಕುಡಿಯೋರ ಕೈ ನಡುಗತ್ತೆ. ಇವರದು ಒಂದಿನ ನಡುಗಲಿಲ್ಲ. ಇವರಿಗೆ ದಿನಾ ಜ್ವರ ಇದೆ, ಕತ್ತಲ್ಲಿ ಗಂಟು ಸಿಗ್ತಿದೆ. ಕುಡಿತಕ್ಕೂ ಇವರಿಗೂ ಸಂಬಂಧಾನೇ ಇಲ್ಲ. ಇವತ್ತೇ ಮೈಸೂರಿಗೆ ಕರ್ಕೊಂಡು ಹೋಗಿ."

ಹೊನ್ನಪ್ಪನ ಬಾಯಲ್ಲಿ ಮಾತುಗಳ ಉಗ್ರಾಣವೇ ಇತ್ತು. ಬಾಗಿಲು ತೆರೆದರೆ ಒಳಗೆ ಒಂದು ಕಾಳೂ ಸಿಗಲಿಲ್ಲ.

ಮೈಸೂರಿನಲ್ಲಿ ಚಲುವರಾಜುವನ್ನು ದೊಡ್ಡ ಉಂಗುರದಂಥ ಮಿಷನ್ನಿನೊಳಗೆ ಮಲಗಿಸಿ ಸಿ.ಟಿ. ಮಾಡಿದರು. ಆಮೇಲೆ ಕರೆಸಿ ಇನ್ನೊಂದು ಸ್ಕ್ಯಾನು ಮಾಡಿದರು. ಚಿತ್ರಗಳನ್ನು ನೋಡಿ ಹೇಳಿದವರು ಯಶೋಧರಾ ಎಂಬ ಡಾಕ್ಟರು. ಗಂಡ, ಹೆಂಡತಿ, ಹೊನ್ನಪ್ಪ ಮೂವರನ್ನೂ ಕೂರಿಸಿಕೊಂಡು ಪರದೆಯ ಮೇಲೆ ಬೆರಳಿಟ್ಟು ತೋರಿಸಿದರು.

"ಕುಡಿತದಿಂದ ಹಾಳಾದ ಲಿವರು ಸುಕ್ಕಾಗಿ, ಅಂಚೆಲ್ಲ ಗಂಟುಗಂಟಾಗಿರತ್ತೆ. ಇವರದು ನೋಡಿ, ಅಂಚು ನುಣ್ಣಗಿದೆ. ಒಳಗೆ ಮಾತ್ರ ಗಡ್ಡೆಗಳು. ಎರಡನೇ ಸ್ಕ್ಯಾನಲ್ಲಿ ಮೈಗೆ ಒಂದು ಥರದ ಸಕ್ಕರೆ ಚುಚ್ಚಿದ್ವಲ್ಲ, ರೋಗ ಇರೋ ಜಾಗಕ್ಕೆ ಹಸಿವು ಜಾಸ್ತಿ, ಆ ಸಕ್ಕರೆನೆಲ್ಲ ಅದೇ ಎಳ್ಕೊಳ್ಳತ್ತೆ. ಎಳ್ಕೊಂಡ ಜಾಗ ಹೀಗೆ ಉರಿಯೋ ಹಾಗೆ ಕಾಣತ್ತೆ."

ಬೂದುಬಣ್ಣದ ಮನುಷ್ಯಾಕೃತಿಯೊಳಗೆ, ಲಿವರಿನಲ್ಲಿ, ಕತ್ತಿನಲ್ಲಿ, ಕೆಂಡ ಚೆಲ್ಲಿದಂತಿತ್ತು. ಚಲುವರಾಜು ಬೇರೆ ಯಾರದೋ ಹೊಲ ನೋಡುವಂತೆ ಅದನ್ನು ನೋಡಿದ.

"ಕಬ್ಬಿನ ಗದ್ದೆಗೆ ಕಾಡಂದಿ ನುಗ್ಗಿದಂಗೆ," ಎಂದ.

ಯಶೋಧರಾ ನಕ್ಕರು. "ಸರಿಯಾಗಿ ಹೇಳಿದ್ರಿ. ಎಲ್ಲೆಲ್ಲಿ ನುಗ್ಗಿದೆ ಅಂತ ಸ್ಕ್ಯಾನು ತೋರಿಸ್ತು. ಯಾವ ಹಂದಿ ಅಂತ ಹೇಳೋಕೆ ಸೂಜಿ ಹಾಕಿ ಲಿವರಿಂದ ಒಂದು ಚೂರು ತೆಗೀಬೇಕು. ನನಗೆ ಲಿಂಫೋಮಾ ಅಂತ ಅನುಮಾನ. ರಕ್ತದ ಬಿಳಿಕಣದಲ್ಲಿ ಹುಟ್ಟೋ ಕ್ಯಾನ್ಸರು. ಅದೇ ಆಗಿದ್ರೆ ಔಷಧಿ ಇದೆ, ಎಷ್ಟೋ ಜನಕ್ಕೆ ಚೆನ್ನಾಗಿ ಕೆಲಸ ಮಾಡತ್ತೆ. ಆದ್ರೆ ಹೆಸರು ಗೊತ್ತಾಗದೆ ಶುರು ಮಾಡೋ ಹಾಗಿಲ್ಲ." ಹಳೆಯ ರಿಪೋರ್ಟು ತಿರುಗಿಸುತ್ತಿದ್ದಂತೆ ಅವರ ದನಿ ಬದಲಾಯಿತು. "ಪಾಂಡವಪುರದಲ್ಲಿ ಯಾವತ್ತೋ ಹೇಳಿದ್ದಾರಲ್ಲ ತಡ ಮಾಡಬೇಡಿ ಅಂತ. ಇಷ್ಟು ದಿನ ಎಲ್ಲಿದ್ರಿ?"

ಪುಟ್ಟಗೌರಮ್ಮ ಅಣ್ಣನ ಕಡೆ ನೋಡಿದಳು. ಹೊನ್ನಪ್ಪ ನೆಲದ ಟೈಲ್ಸು ನೋಡಿದ. ಆ ಟೈಲ್ಸಿನ ಸಂದಿಯೊಂದು ಬಾಯ್ಬಿಟ್ಟಿದ್ದರೆ ಅವನು ಮೀಸೆ ಸಮೇತ ಇಳಿದುಹೋಗುತ್ತಿದ್ದ.

"ಕಬ್ಬು ಕಡಿಸೋದಿತ್ತು ಮೇಡಂ," ಎಂದ ಚಲುವರಾಜು.

"ಕಬ್ಬು ಮುಖ್ಯಾನಾ, ಜೀವ ಮುಖ್ಯಾನಾ? ಸ್ವಲ್ಪನಾದ್ರೂ ಬುದ್ಧಿ ಬೇಡ್ವಾ?"

"ತಪ್ಪಾಯ್ತು ಮೇಡಂ."

ಮಾಡದ ತಪ್ಪಿಗೆ ಅವನು ಬೈಸಿಕೊಂಡ. ಮಾಡಿದವನು ಪಕ್ಕದ ಕುರ್ಚಿಯಲ್ಲಿ ಕೂತು ಕೇಳಿಸಿಕೊಂಡ. ಶ್ರೀರಂಗಪಟ್ಟಣ ದಾಟುವ ತನಕ ಬಸ್ಸಿನಲ್ಲಿ ಹೊನ್ನಪ್ಪ ಬಾಯಿ ಬಿಡಲಿಲ್ಲ. ಕಂಡಕ್ಟರು ಅವನ ಪರಿಚಯದವನು. ಹುಷಾರಿಲ್ಲವೇನೋ ಎಂದು ಎರಡು ಸಲ ಬಂದು ಮುಖ ನೋಡಿಕೊಂಡು ಹೋದ.

ಊರಿಗೆ ಬಂದವನೇ ಮಾಡಿದ ಮೊದಲ ಕೆಲಸ ಫ್ಲೆಕ್ಸು ಹರಿದದ್ದು. ಯಾರನ್ನೂ ಕರೆಯದೆ, ಕಂಬ ಹತ್ತಿ, ತನ್ನ ಮುಖವನ್ನು ತಾನೇ ಕುಡುಗೋಲಿನಿಂದ ಅಡ್ಡಡ್ಡ ಸೀಳಿದ. ಎಲ್ಲ ಸರಿಹೋಯಿತೆಂದುಕೊಂಡು ಇಳಿದ. ಆದರೆ ಬೆಳಗಾಗುವಷ್ಟರಲ್ಲಿ ಊರು ತನ್ನ ತೀರ್ಮಾನ ಮಾಡಿಯಾಗಿತ್ತು: ಚಲುವರಾಜು ಮತ್ತೆ ಶುರು ಹಚ್ಚಿಕೊಂಡಿದ್ದಾನೆ, ಅದಕ್ಕೇ ಬಾವ ಸಿಟ್ಟಿಗೆದ್ದು ಫ್ಲೆಕ್ಸು ಕಿತ್ತುಹಾಕಿದ್ದಾನೆ.

ಹೊನ್ನಪ್ಪ ಡೈರಿಗೆ ಓಡಿದ. "ಅವನು ಕುಡಿಯೋನಲ್ಲ ಕಣ್ರಯ್ಯ. ಅದು ಬ್ಯಾರೆ ಕಾಯಿಲೆ. ನಾನು ಯೋಳಿದ್ದು ತಪ್ಪು."

ಹಾಲು ಅಳೆಯುತ್ತಿದ್ದ ಸೆಕ್ರೆಟರಿ ಕುಳ್ಳಯ್ಯ ತಲೆಯೆತ್ತಿ ಮರುಕದಿಂದ ನಕ್ಕ.

"ಬುಡಣ್ಣ, ಅರ್ತ ಆಯ್ತದೆ. ತಂಗಿ ಮನೆ ಮಾನ ಕಾಯ್ಬೇಕಲ್ಲ."

"ನಿಜ ಕಣ್ಲಾ ನಾನ್ ಯೋಳ್ತಿರೋದು."

"ದೊಡ್ಡ ಮನ್ಸ ನೀನು. ನಮಗೂ ಒಬ್ಬ ಇಂಥ ಬಾವ ಇದ್ದಿದ್ರೆ," ಎಂದ ಕುಳ್ಳಯ್ಯ. ಸಾಲಿನಲ್ಲಿದ್ದವರೆಲ್ಲ ಹೌದು ಹೌದೆಂದು ತಲೆದೂಗಿದರು.

ಹೊನ್ನಪ್ಪ ಬಾಯಿಗೆ ಬಂದಂತೆ ಕಟ್ಟಿದ ಮಾತನ್ನು ನಾಕು ತಾಲೂಕು ಕಣ್ಣುಮುಚ್ಚಿ ನಂಬಿತ್ತು. ನಿಜ ಹೇಳಿದರೆ ಹಾಲಿನ ಸಾಲು ಕೂಡ ನಂಬಲಿಲ್ಲ, ಹೊಗಳಿತು. ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಹೊಗಳಿಕೆ ಅವನ ಬೆನ್ನಿನ ಮೇಲೆ ಹಸಿ ಕಬ್ಬಿನ ಹೊರೆಯಂತೆ ಕೂತಿತು.

ಸೂಜಿ ಪರೀಕ್ಷೆಯ ದಿನ ಹತ್ತಿರ ಬಂದಾಗ ಚಲುವರಾಜು ಬರುವುದಿಲ್ಲವೆಂದ. ಹುಟ್ಟಿದಾಗಿನಿಂದ ಯಾವುದಕ್ಕೂ ಒಲ್ಲೆ ಎನ್ನದವನು ಜಗುಲಿಯ ಕಂಬಕ್ಕೆ ಒರಗಿ ಕೂತು, ತಣ್ಣಗೆ, ಒಲ್ಲೆ ಎಂದ.

"ಸರ್ಕಲ್ಲಲ್ಲಿ ಬಸ್ಸಿಗೆ ನಿಂತ್ರೆ ಎಷ್ಟು ಪೆಗ್ಗು ಅಂತ ಕೇಳ್ತಾರೆ ಬಾವ. ಸತ್ರೆ ಕುಡುದು ಸತ್ತ ಅಂತಾರೆ. ಬದುಕಿದ್ರೂ ಕುಡುಕ ಬದುಕ್ಕೊಂಡ ಅಂತಾರೆ. ಎಲ್ಡರಲ್ಲೂ ನಾನೆಲ್ಲವ್ನಿ? ಆ ಸೂಜಿ ಯಾರಿಗೆ ಆಕಿಸ್ಕಳ್ಳಿ?"

"ಅಂಗನ್ಬ್ಯಾಡ ಚಲುವ. ಮೇಡಮ್ಮು ಔಷದಿ ಅದೆ ಅಂದವ್ರೆ."

"ಕಾಯಿಲೆಗೆ ಅದೆ."

ಪುಟ್ಟಗೌರಮ್ಮ ಒಳಗಿನಿಂದ ಬಂದು ಬಾಗಿಲಲ್ಲಿ ನಿಂತಳು. ಅತ್ತೂ ಅತ್ತೂ ಕಣ್ಣು ಊದಿತ್ತು, ದನಿ ಮಾತ್ರ ಒಣಗಿತ್ತು. "ಅಣ್ಣ, ನನಗೆ ಗೊತ್ತು. ನಿನ್ನ ಪಂಪ್‌ಸೆಟ್ಟು ಮನೆ ನನಗೆ ಗೊತ್ತು. ಅಣ್ಣನ ಮಾನ ಅಂತ ನುಂಗ್ಕೊಂಡಿದ್ದೆ. ನೀನು ನನ್ನ ಗಂಡನ ಮಾನನೂ ತಿಂದ್ಕೊಂಡೆ, ಈಗ ಜೀವನೂ ತಿಂತಿದ್ದೀಯ."

ಹೊನ್ನಪ್ಪ ಎದ್ದು ನಡೆದ. ನಾಲೆ ಏರಿಯ ಮೇಲೆ ಕಾಲು ತಾನಾಗಿ ಪಂಪ್‌ಸೆಟ್ಟಿನ ಮನೆಗೆ ಕರೆದುಕೊಂಡು ಹೋಯಿತು. ಗೋಣಿಚೀಲ ಎತ್ತಿದ. ಬಾಟಲಿ ಅರ್ಧವಿತ್ತು. ಪಾಂಡವಪುರದ ಡಾಕ್ಟರು ಪರದೆ ನೋಡುತ್ತ ಕೇಳಿದ ಮಾತು ನೆನಪಾಯಿತು. ಅವತ್ತು ಒಂದು ಸಣ್ಣ "ನಾನು ಸಾರ್" ಎಂದಿದ್ದರೆ, ಅಥವಾ ಸುಮ್ಮನೆ ಇದ್ದಿದ್ದರೂ ಸಾಕಿತ್ತು, ಮರುದಿನವೇ ಚಲುವರಾಜು ಮೈಸೂರಿನಲ್ಲಿರುತ್ತಿದ್ದ. ಜೀವಮಾನವಿಡೀ ಬಾಯಿ ಬಡಿದುಕೊಂಡವನು ಸುಮ್ಮನಿರಬೇಕಾದ ಒಂದು ಗಳಿಗೆಯಲ್ಲಿ ಸುಮ್ಮನಿರಲಿಲ್ಲ. ಬಾಟಲಿಯನ್ನು ನಾಲೆಗೆಸೆಯಲು ಕೈ ಎತ್ತಿದ. ಎಸೆದರೆ ಯಾರಿಗೂ ಗೊತ್ತಾಗುವುದಿಲ್ಲವೆಂದು ಹೊಳೆದು, ಎಸೆಯಲಿಲ್ಲ.

ಡೈರಿಯಲ್ಲಿ ಸಂಜೆಯ ಹಾಲಿಗೆ ಸಾಲು ನಿಂತಿತ್ತು. ಹೊನ್ನಪ್ಪ ಏಲಕ್ಕಿಯನ್ನೂ ಹಾಕಿಕೊಳ್ಳದೆ ಬಂದು, ಫ್ಯಾಟು ನೋಡುವ ಮಿಷನ್ನಿನ ಪಕ್ಕದಲ್ಲಿ, ಎಲ್ಲರೆದುರು ಬಾಟಲಿಯನ್ನಿಟ್ಟ.

"ಇದು ನಂದು," ಎಂದ. ರೈಲು ಹೊರಡಿಸುತ್ತಿದ್ದ ಗಂಟಲಿನಿಂದ ಕ್ಯಾನಿನ ಮುಚ್ಚಳ ಅಲುಗಿದಷ್ಟು ಸದ್ದು ಬಂತು. "ದಿನಾ ಕುಡೀತೀನಿ. ಬೋ ವರ್ಸದಿಂದ. ಪಂಪ್‌ಸೆಟ್ಟು ಮನೇಲಿ."

ಭೂಮಿ ಅದುರುತ್ತದೆಂದು ಕಾದ. ಅದುರಲಿಲ್ಲ. ಕುಳ್ಳಯ್ಯ ಬಾಟಲಿಯನ್ನೊಮ್ಮೆ ನೋಡಿ, ಮುಂದಿನ ಕ್ಯಾನು ಎತ್ತಿಕೊಂಡ.

"ಗೊತ್ತು ಕಣಣ್ಣ."

"ಯಾರಿಗ್ಲಾ ಗೊತ್ತು?"

"ಯಾರಿಗ್ ಗೊತ್ತಿಲ್ಲ ಅಂತ ಕೇಳು, ಬೇಗ ಮುಗೀತದೆ," ಎಂದಳು ಸಾಲಿನಲ್ಲಿದ್ದ ಪುಟ್ಟತಾಯಮ್ಮ. "ಏಲಕ್ಕಿ ಗಮ ಬತ್ತಿದ್ದಂಗೇ ನಮ್ಮ ಎಮ್ಮೆ ಸೈತ ಹೊನ್ನಪ್ಪಣ್ಣ ಬಂತು ಅಂತ ಅತ್ತಗೆ ಸರ್ಕತದೆ."

ಯಾರೋ ಮೂಗಿನಲ್ಲಿ ನಕ್ಕರು. ಹೊನ್ನಪ್ಪನಿಗೆ ಆಗ ಪೂರ್ತಿ ಕಂಡಿತು. ವರ್ಷಗಟ್ಟಲೆ ಅವನು ಇಲ್ಲಿ ನಿಂತು ಕುಡುಕರನ್ನು ಬೈಯುವಾಗ ಈ ಸಾಲು ತುಟಿ ಕಚ್ಚಿಕೊಂಡು ಕೇಳಿತ್ತು, ಅವನು ಹೋದ ಮೇಲೆ ನಕ್ಕಿತ್ತು. ಅವನ ಬಟ್ಟೆ ಎಂದೋ ಬಿಚ್ಚಿಹೋಗಿತ್ತು. ಅವನೊಬ್ಬನೇ ಗರಿಗರಿ ಪಂಚೆ ಉಟ್ಟಿದ್ದೇನೆಂದುಕೊಂಡು ಓಡಾಡುತ್ತಿದ್ದ. ಕಾಲು ಹಿಂದಕ್ಕೆ ಎಳೆಯಿತು. ಆದರೂ ನಿಂತ, ಏಕೆಂದರೆ ಹೇಳಬೇಕಾದದ್ದು ಇನ್ನೂ ಉಳಿದಿತ್ತು.

"ಡಾಕ್ಟ್ರು ಅವತ್ತು ಕುಡೀತೀರಾ ಅಂದ್ರು. ನನ್ನನ್ನೇ ಕೇಳ್ದಂಗಾಯ್ತು. ಎದ್ರುಕೊಂಡು ಚಲುವನ ಮ್ಯಾಲೆ ಹಾಕ್ಬುಟ್ಟೆ. ಅವನು ಒಂದ್ ತೊಟ್ಟು ಮುಟ್ಟಿದೋನಲ್ಲ."

ಯಾರೂ ನಗಲಿಲ್ಲ. ಕುಳ್ಳಯ್ಯ ಕೈಯಲ್ಲಿದ್ದ ಅಳತೆಯ ಲೋಟವನ್ನು ಕೆಳಗಿಟ್ಟ. ತನ್ನನ್ನು ಇಷ್ಟು ಸಣ್ಣಗೆ ಮಾಡಿಕೊಂಡು ಸುಳ್ಳು ಹೇಳುವವನಲ್ಲ ಹೊನ್ನಪ್ಪ ಎಂಬುದು ಆ ಸಾಲಿಗೆಲ್ಲ ಚೆನ್ನಾಗಿ ಗೊತ್ತಿತ್ತು.

"ಅಂಗಾರೆ ಚಲುವಂಗೆ ಆಗಿರೋದೇನಣ್ಣ?"

"ಲಿವರಲ್ಲಿ ಗಡ್ಡೆ ಎದ್ದವೆ. ಕ್ಯಾನ್ಸರು ಅಂತ ಅನುಮಾನ. ಸೂಜಿ ಆಕಿ ನೋಡ್ಬೇಕು. ಬರಲ್ಲ ಅಂತಾವ್ನೆ. ನನ್ನಿಂದ."

ಪಾಂಡವಪುರ ತಾಲೂಕು ಹುಟ್ಟಿದಾಗಿನಿಂದ ಹೊನ್ನಪ್ಪನ ಬಾಯಿಂದ ಇಷ್ಟು ಗಿಡ್ಡ ಮಾತುಗಳು ಬಿದ್ದಿರಲಿಲ್ಲ.

ಪುಟ್ಟತಾಯಮ್ಮ ಸೆರಗು ಬಾಯಿಗಿಟ್ಟುಕೊಂಡಳು. "ಅಯ್ಯೋ ಶಿವನೇ. ಮೊನ್ನೆ ನಾನೇ ಅವನ್ನ ಕೇಳ್ದೆನಲ್ಲ, ಬುಟ್ಯೇನಪ್ಪ ಅಂತ," ಎಂದಳು. ಕುಳ್ಳಯ್ಯ ಉಳಿದ ಕ್ಯಾನುಗಳನ್ನು ಅಳೆದು ಮುಗಿಸಿ, ಡೈರಿ ಬಾಗಿಲೆಳೆದುಕೊಂಡು ಚಲುವರಾಜುವಿನ ಮನೆಯ ಕಡೆ ನಡೆದ. ಖಾಲಿ ಕ್ಯಾನು ಹಿಡಿದವರು ಒಬ್ಬೊಬ್ಬರಾಗಿ ಅವನ ಹಿಂದೆ ಹೋದರು. ಎಲ್ಲರಿಗಿಂತ ಹಿಂದೆ ಹೊನ್ನಪ್ಪ.

ಜಗುಲಿ ತುಂಬಿತು. ಕುಳ್ಳಯ್ಯ ಚಲುವರಾಜುವಿನ ಪಕ್ಕದಲ್ಲಿ ಕೂತ.

"ಚಲುವ, ನಾವೂ ಬಾಯಿಗೆ ಬಂದಂಗೆ ಆಡ್ಬುಟ್ಟೋ. ಹೊನ್ನಪ್ಪಣ್ಣ ಎಲ್ಲಾರ ಮುಂದೂ ಯೋಳ್ದ, ನಿಜ ಏನು ಅಂತ. ಬಾಟ್ಲಿ ಸಮೇತ. ನಮ್ಮ ಮ್ಯಾಲಿನ ಸಿಟ್ಟು ನಿನ್ನ ಮೈಮ್ಯಾಲೆ ತೀರಿಸ್ಕಬ್ಯಾಡ ಕಣಪ್ಪ. ನಾಳೆ ಓಗು. ಸರ್ಕಲ್ಲಲ್ಲಿ ಯಾವನ್ ಏನಂತಾನೋ ನೋಡವ, ನಾನೇ ಬಂದು ಬಸ್ಸತ್ತಿಸ್ತೀನಿ."

ಚಲುವರಾಜು ಕಂಬಕ್ಕೆ ಒರಗಿ ಕೂತಿದ್ದ. ಪಕ್ಕೆಯ ಮೇಲೆ ಕೈಯಿಟ್ಟುಕೊಂಡೇ ಇದ್ದ. ಆಮೇಲೆ ಕತ್ತು ಚಾಚಿ ಬೀದಿಯತ್ತ ನೋಡಿದ. ನಲ್ಲಿಕಟ್ಟೆಯ ಹತ್ತಿರ ಹೊನ್ನಪ್ಪ ಒಬ್ಬನೇ ನಿಂತಿದ್ದ, ಟವೆಲನ್ನು ಹೆಗಲಿನಿಂದ ತೆಗೆದು ಕೈಯಲ್ಲಿ ಮುದ್ದೆ ಮಾಡಿಕೊಂಡು.

"ಬಾವನ್ಯಾಕೆ ಅಲ್ಲಿ ನಿಲ್ಸಿದ್ದೀರಿ?"

"ನಿಂತಿರ್ಲಿ," ಎಂದಳು ಪುಟ್ಟಗೌರಮ್ಮ.

"ಒಳೀಕೆ ಕರಿಯೇ."

"ನಿಂತಿರ್ಲಿ ಅಂದೆ. ನನಗಿನ್ನೂ ಕರಿಯೋ ಮನಸ್ಸಾಗಿಲ್ಲ."

ಚಲುವರಾಜು ಒತ್ತಾಯ ಮಾಡಲಿಲ್ಲ. "ಬೆಳಿಗ್ಗೆ ಮೊದಲ್ನೇ ಬಸ್ಸಿಗೆ ಓಗವ," ಎಂದ ಹೆಂಡತಿಗೆ. "ಬಾವನೂ ಬರ್ಲಿ. ಸೂಜಿ ಆಕೋವಾಗ ಯಾರಾರ ಒಬ್ರು ಜೊತೇಲಿರಬೇಕಂತೆ."

ಅವಳು ಬೀದಿಗೆ ಕೇಳುವಂತೆ ದನಿ ಏರಿಸಿದಳು. "ಬಂದ್ರೆ ಬಾಯಿ ಮುಚ್ಕೊಂಡು ಬರಬೇಕು. ಡಾಕ್ಟ್ರು ಏನಾರ ಕೇಳಿದ್ರೆ ಇವ್ರೇ ಯೋಳ್ತಾರೆ."

ಹೊನ್ನಪ್ಪ ಆಗಲಿ ಎಂದು ತಲೆಯಾಡಿಸಿದ. ಮುಸ್ಸಂಜೆಯಲ್ಲಿ ಅವಳಿಗೆ ಕಂಡಿತೋ ಇಲ್ಲವೋ ಗೊತ್ತಾಗಲಿಲ್ಲ. ಬಾಯಿ ತೆರೆಯಲು ಹೆದರಿ, ಇನ್ನೊಮ್ಮೆ ತಲೆಯಾಡಿಸಿದ.